ಕೋಣೆಯೊಳಗಿನ ಮಾವ

ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ವಿಷ್ಣುಪ್ರಸಾದನಿಗೆ ಹೆದರಿಕೆ ಹುಟ್ಟಿಸುವ ಸಂಗತಿಗಳು ತುಂಬ ಏನೂ ಇರಲಿಲ್ಲ. ಮೇಲಧಿಕಾರಿ, ಆಡಿಟ್, ಸೂಜಿ, ಹಲ್ಲಿ, ಲಿಫ್ಟು, ರಾಜಧಾನಿ ತಿರುವನಂತಪುರದಿಂದ ಬರುವ ಸುತ್ತೋಲೆ, ಮನೆಯ ಮಾಲಕಿ ಹರಿಣಾಕ್ಷಿಯಕ್ಕ, ಹೆಂಡತಿ ವಸುಮತಿ ಮತ್ತು ಹೆಂಡತಿಯ ಎರಡು ಬೆಕ್ಕುಗಳು, ಇಷ್ಟೆ. ಉಳಿದ ವಿಷಯಗಳಲ್ಲಿ ಅವನು ಧೈರ್ಯಸ್ಥನೇ.

ಬೆಕ್ಕುಗಳ ಪರಿಚಯ ಮೊದಲೇ ಆಗಿಬಿಡಲಿ. ಹಿರಿಯವಳು ಮುದ್ದಮ್ಮ. ಬೂದು ಬಣ್ಣ, ಹನ್ನೊಂದು ವರ್ಷ ಪ್ರಾಯ. ವಿಷ್ಣುಪ್ರಸಾದ ಸಂಜೆ ಮನೆಯೊಳಗೆ ಕಾಲಿಟ್ಟಾಗಲೆಲ್ಲ ಇವನಿಗೆ ಇಲ್ಲಿ ಏನು ಕೆಲಸ ಎಂಬಂತೆ ನೋಡುವವಳು. ಕಿರಿಯವನು ಬೆಲ್ಲ. ಅವನಿಗೆ ಚಾವಡಿಯ ಬೆತ್ತದ ಕುರ್ಚಿಯ ಮೇಲೆ ಪೂರ್ಣ ಹಕ್ಕು ಇದ್ದುದರಿಂದ ವಿಷ್ಣುಪ್ರಸಾದ ನೆಲದ ಮೇಲೆ ಕುಳಿತು ಪೇಪರು ಓದುತ್ತಿದ್ದ. ಶುದ್ಧ ಸಸ್ಯಾಹಾರಿಗಳ ಮನೆಯಾದ್ದರಿಂದ ಇಬ್ಬರೂ ಮೊಸರನ್ನ, ಹಾಲು, ನೀರುದೋಸೆ ತಿಂದು ಬೆಳೆದವರು. ಮೀನು ಎಂಬುದೊಂದು ಲೋಕದಲ್ಲಿ ಇದೆ ಎಂದು ಅವಕ್ಕೆ ಯಾರೂ ತಿಳಿಸಿರಲಿಲ್ಲ.

ಈ ಬೆಕ್ಕುಗಳ ಕಾರಣದಿಂದಲೇ ಹದಿನಾಲ್ಕು ಮಂದಿ ಅವರಿಗೆ ಬಾಡಿಗೆಗೆ ಮನೆ ಕೊಡಲು ಒಪ್ಪಿರಲಿಲ್ಲ. ಹದಿನೈದನೆಯವರು ಹರಿಣಾಕ್ಷಿಯಕ್ಕ. ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನರ್ಸಮ್ಮನಾಗಿದ್ದು ನಿವೃತ್ತರಾದವರು. ಒಂಟಿ ಜೀವ. ಪಕ್ಕದ ಮನೆಯಲ್ಲೇ ಅವರ ವಾಸ. ಅವರು ಒಪ್ಪಿದರು, ಆದರೆ ಮುದ್ರೆ ಕಾಗದದ ಮೇಲೆ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಏಳನೆಯ ಕಲಮಿನಲ್ಲಿ ಹೀಗಿತ್ತು: 'ಬೆಕ್ಕುಗಳು ಎರಡು. ಹೆಚ್ಚಾದಲ್ಲಿ ಅದೇ ದಿನ ಮನೆ ಖಾಲಿ ಮಾಡತಕ್ಕದ್ದು.' ಅಗ್ರಿಮೆಂಟು ಹೊಸತು ಮಾಡುವ ದಿನ ಹತ್ತಿರ ಬಂದಿತ್ತು.

ಹೀಗಿರುವಾಗ ಟೀಚರಮ್ಮ ವಸುಮತಿ ಒಂಬತ್ತು ದಿನದ ತರಬೇತಿಗೆಂದು ತಿರುವನಂತಪುರಕ್ಕೆ ಹೊರಟಳು. ರೈಲು ಹತ್ತುವ ಮುಂಚೆ ಗಂಡನಿಗೆ ಒಂದೇ ಮಾತು ಹೇಳಿದಳು. "ನಾನು ಬರುವಾಗ ಮನೆ ಈಗ ಇದ್ದ ಹಾಗೆಯೇ ಇರಬೇಕು. ಈ ಮನೆ ಹೋದರೆ ಇನ್ನೊಂದು ಹುಡುಕುವವರು ನೀವು. ನಾನು ಎರಡು ಬೆಕ್ಕನ್ನು ಕಟ್ಟಿಕೊಂಡು ಸೀದಾ ಪೆರ್ಲಕ್ಕೆ ಹೋಗಿ ತಿರುಮಲೇಶ್ವರ ಮಾವನ ಮನೆಯಲ್ಲಿ ಕೂತುಕೊಳ್ತೇನೆ." ವಿಷ್ಣುಪ್ರಸಾದ ತಲೆ ಆಡಿಸಿದ. ಇದು ಶನಿವಾರದ ಮಾತು.

ಸೋಮವಾರ ಮಧ್ಯಾಹ್ನ ಕಚೇರಿಯ ಕ್ಯಾಂಟೀನಿನಲ್ಲಿ ಅವನು ಬೆಕ್ಕುಗಳ ಮನಶ್ಶಾಸ್ತ್ರದ ಬಗ್ಗೆ ಭಾಷಣ ಮಾಡಿದ. ಹಿಂದಿನ ದಿನ ಮೊಬೈಲಿನಲ್ಲಿ ಒಂದೂವರೆ ಲೇಖನ ಓದಿದ್ದರ ಫಲ ಅದು. ಹೆಂಡತಿ ಊರಿನಲ್ಲಿ ಇಲ್ಲದಾಗ ಗಂಡಸರಿಗೆ ಇಂಥ ಧೈರ್ಯ ಬರುವುದುಂಟು. "ಬೆಕ್ಕು ನಮ್ಮನ್ನು ಅರ್ಥ ಮಾಡಿಕೊಳ್ಳಬೇಕಾದ್ರೆ ನಾವು ಮೊದಲು ಬೆಕ್ಕನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ನಾನು ಹುಬ್ಬು ಹಾರಿಸಿದ್ರೆ ಸಾಕು, ಎರಡೂ ಕುರ್ಚಿಯಿಂದ ಇಳಿದು ಹೋಗ್ತವೆ. ಹೊಸ ಬೆಕ್ಕು ಬಂದರೂ ಅಷ್ಟೆ, ಹಳೇ ಬೆಕ್ಕುಗಳ ಜೊತೆ ಹೊಂದಿಸಲಿಕ್ಕೆ ಒಂದು ಕ್ರಮ ಉಂಟು. ಕ್ರಮ ಗೊತ್ತಿದ್ದವನಿಗೆ ಹತ್ತು ದಿನ ಸಾಕು."

ಎದುರು ಕುಳಿತು ಪರೋಟ ತಿನ್ನುತ್ತಿದ್ದ ಸಹೋದ್ಯೋಗಿ ಸಮದ್ ಕೈ ತೊಳೆದು ಬಂದು ವಿಷ್ಣುಪ್ರಸಾದನ ಎರಡೂ ಕೈ ಹಿಡಿದುಕೊಂಡ. ಶಿರಿಯದವನು, ಒಳ್ಳೆಯ ಮನುಷ್ಯ, ಯಾರು ಏನು ಹೇಳಿದರೂ ನಂಬುವವನು.

"ಭಟ್ರೇ, ನಿಮ್ಮನ್ನು ದೇವರೇ ಕಳಿಸಿದ್ದು. ನಾಳೆ ಬೆಳಿಗ್ಗೆ ಉಮ್ಮ ದುಬಾಯಿಗೆ ಹೋಗ್ತಾರೆ, ತಂಗಿಯ ಹೆರಿಗೆಗೆ. ಅವರ ಬೆಕ್ಕು ಉಂಟಲ್ಲ, ಸುಲ್ತಾನ್, ಅದನ್ನು ಯಾರ ಹತ್ತಿರ ಬಿಡುವುದು ಅಂತ ಒಂದು ವಾರದಿಂದ ಅಳುತ್ತಾ ಇದ್ದಾರೆ. ನನ್ನ ಹೆಂಡತಿಗೆ ಅದರ ರೋಮ ತಾಗಿದ್ರೆ ಉಬ್ಬಸ. ಮೂರೇ ತಿಂಗಳು ಭಟ್ರೇ."

ವಿಷ್ಣುಪ್ರಸಾದ ಕೈ ಬಿಡಿಸಿಕೊಳ್ಳಲು ನೋಡಿದ. ಆದರೆ ಮೇಜಿನ ಸುತ್ತ ಎಂಟು ಜನ ಇದ್ದರು. ಎಂಟು ಜನರ ಎದುರು ಹುಬ್ಬಿನ ವಿಷಯ ಹೇಳಿದ ಮೇಲೆ ಇನ್ನೇನು ಮಾಡಲು ಸಾಧ್ಯ? "ಅದಕ್ಕೆಂತ ಸಮದ್, ತಾ" ಎಂದ.

ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ಸಮದ್ ಒಂದು ಗೋಣಿಯನ್ನು ಅವನ ಕೈಗೆ ಕೊಟ್ಟ. ಗೋಣಿ ಭಾರವಾಗಿತ್ತು, ಬೆಚ್ಚಗಿತ್ತು, ಮತ್ತು ಗುರುಗುಟ್ಟುತ್ತಿತ್ತು. ಜೊತೆಗೆ ಸಮದನ ತಾಯಿ ಆಯಿಶುಮ್ಮ ಫೋನಿನಲ್ಲಿ ಅಳುತ್ತ ಕೊಟ್ಟ ಸೂಚನೆಗಳು. "ಗೋಣಿಯ ಬಾಯಿ ಬಿಚ್ಚುವ ಮೊದಲು ಮನೆಗೆ ಮೂರು ಸುತ್ತು ಬನ್ನಿ ಮಗಾ. ಇಲ್ಲದಿದ್ರೆ ದಾರಿ ನೆನಪಿಟ್ಟುಕೊಂಡು ವಾಪಸು ಶಿರಿಯಕ್ಕೇ ಬರ್ತಾನೆ. ಅವನಿಗೆ ಬೂತಾಯಿ ಬಿಟ್ಟು ಬೇರೆ ಎಂತದೂ ಇಳಿಯುವುದಿಲ್ಲ. ತಾಜಾ ಆಗಬೇಕು. ಮತ್ತೆ, ಅವನು ತುಂಬ ಒಳ್ಳೆಯವ. ಕೈ ಮಾತ್ರ ಹತ್ತಿರ ತೆಗೆದುಕೊಂಡು ಹೋಗಬೇಡಿ."

ಬೂತಾಯಿ ಎಂದರೆ ಮೀನು ಎಂದು ವಿಷ್ಣುಪ್ರಸಾದನಿಗೆ ಗೊತ್ತಿತ್ತು. ಅದು ಎಂಥದು, ಎಲ್ಲಿ ಸಿಗುತ್ತದೆ, ಅದಕ್ಕೆ ಕಣ್ಣು ಇರುತ್ತದೆಯೇ ಎಂಬುದು ಗೊತ್ತಿರಲಿಲ್ಲ. ನಲವತ್ತಾರು ವರ್ಷಗಳಲ್ಲಿ ಕೇಳುವ ಸಂದರ್ಭ ಬಂದಿರಲಿಲ್ಲ.

ಅವನು ಗೋಣಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನಿಂದ ರೈನ್‌ಕೋಟು ಹಾಕಿಕೊಂಡು, ಬಾಡಿಗೆ ಮನೆಗೆ ಮೂರು ಸುತ್ತು ಬಂದ. ಮಳೆ ಇರಲಿಲ್ಲ. ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹರಿಣಾಕ್ಷಿಯಕ್ಕ ಗೋಡೆಯ ಆಚೆಯಿಂದ ಮೂರೂ ಸುತ್ತನ್ನು ಎಣಿಸಿದರು.

"ಎಂತ ಪ್ರದಕ್ಷಿಣೆ?" ಎಂದು ಕೇಳಿದರು.

"ವ್ಯಾಯಾಮ ಹರಿಣಾಕ್ಷಿಯಕ್ಕ" ಎಂದು ವಿಷ್ಣುಪ್ರಸಾದ ಹೇಳುತ್ತಿದ್ದಂತೆ ಅವನ ಹೊಟ್ಟೆ ಗುರುಗುಟ್ಟಿತು. ಹರಿಣಾಕ್ಷಿಯಕ್ಕ ಆ ಹೊಟ್ಟೆಯನ್ನು ಒಂದು ನಿಮಿಷ ನೋಡಿ, ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮೊಬೈಲಿನ ಲೇಖನದ ಪ್ರಕಾರ ಹೊಸ ಬೆಕ್ಕನ್ನು ಬೇರೆ ಕೋಣೆಯಲ್ಲಿ ಮುಚ್ಚಿ ಇಡಬೇಕು. ಹಳಬರಿಗೆ ಅದರ ಮುಖ ಕಾಣಬಾರದು. ಮೂರನೆಯ ದಿನ ಎರಡು ಬಟ್ಟೆ ತೆಗೆದುಕೊಂಡು, ಹಳಬರ ಮೈ ಒರೆಸಿದ್ದನ್ನು ಹೊಸಬನ ಕೋಣೆಗೂ ಹೊಸಬನ ಮೈ ಒರೆಸಿದ್ದನ್ನು ಹಳಬರ ಬಳಿಗೂ ಇಡಬೇಕು. ಆಮೇಲೆ ಬಾಗಿಲಿನ ಎರಡೂ ಬದಿಯಲ್ಲಿ ತಟ್ಟೆ ಇಟ್ಟು ಊಟ. ಹತ್ತನೆಯ ದಿನ ಮುಖಾಮುಖಿ. ಅವಸರ ಮಾಡಿದರೆ ಹಳೆಯ ಬೆಕ್ಕುಗಳು ಮನೆ ಬಿಟ್ಟು ಹೋಗುವ ಸಂಭವವಿದೆ ಎಂದು ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಸಾಲನ್ನು ವಿಷ್ಣುಪ್ರಸಾದ ಎರಡು ಸಲ ಓದಿದ. ವಸುಮತಿ ಬರುವುದು ಮುಂದಿನ ಸೋಮವಾರ.

ಸುಲ್ತಾನ್ ಗೋಣಿಯಿಂದ ಹೊರಬಿದ್ದವನೇ ಕೋಣೆಯ ಮಂಚದ ಕೆಳಗೆ ಹೊಕ್ಕ. ಆಮೇಲೆ ಕಂಡದ್ದು ಎರಡು ಹಸಿರು ಕಣ್ಣು ಮಾತ್ರ. ಹಾಲು ಇಟ್ಟರೆ ಮೂಸಲಿಲ್ಲ. ಮೊಸರನ್ನ ಇಟ್ಟರೆ ಅವಮಾನವಾದವನಂತೆ ಬೆನ್ನು ಹಾಕಿದ. ಬಟ್ಟಲು ಸರಿಸಲು ಹೋದ ವಿಷ್ಣುಪ್ರಸಾದನ ಬಲಗೈ ಮೇಲೆ ನಾಲ್ಕು ಉದ್ದದ ಗೆರೆ ಎಳೆದ. ಹೊರಗೆ ಮುದ್ದಮ್ಮ ಮುಚ್ಚಿದ ಬಾಗಿಲಿನ ಎದುರು ಕುಳಿತಳು. ಕುಳಿತವಳು ಎರಡು ದಿನ ಏಳಲಿಲ್ಲ. ಬೆಲ್ಲ ಕುರ್ಚಿ ಬಿಟ್ಟು ಕಿಟಕಿಯ ದಂಡೆ ಹತ್ತಿ ರಸ್ತೆ ನೋಡತೊಡಗಿದ. ಮನೆ ಬಿಡುವ ಲಕ್ಷಣ ಇದೇ ಎಂದು ವಿಷ್ಣುಪ್ರಸಾದ ತೀರ್ಮಾನಿಸಿ, ಕಚೇರಿಗೆ ನಾಲ್ಕು ದಿನ ರಜೆ ಬರೆದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಬಿಟ್ಟ.

ಮಂಗಳವಾರ ಬೆಳಿಗ್ಗೆ ಮೀನಿನ ಕುಂಞ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬಂದಾಗ ಭಟ್ಟರ ಮನೆಯ ಗೇಟು ತೆರೆಯಿತು. ನಾಲ್ಕು ವರ್ಷದಿಂದ ಆ ಗೇಟಿನ ಎದುರು ಹಾರ್ನ್ ನಿಲ್ಲಿಸಿ ಮುಂದೆ ಹೋಗುತ್ತಿದ್ದ ಕುಂಞನಿಗೆ ತನ್ನ ಕಣ್ಣನ್ನು ನಂಬಲಾಗಲಿಲ್ಲ.

"ಬೂತಾಯಿ ಉಂಟಾ?" ಎಂದು ವಿಷ್ಣುಪ್ರಸಾದ ಅತ್ತಿತ್ತ ನೋಡಿ ಪಿಸುಗುಟ್ಟಿದ. "ನಾಲ್ಕು ಸಾಕು. ಯಾರಿಗೂ ಹೇಳಬೇಡ ಮಾರಾಯ."

ಕುಂಞ ಹೇಳಲಿಲ್ಲ. ಪಕ್ಕದ ಗೇಟಿನಲ್ಲಿ ಹರಿಣಾಕ್ಷಿಯಕ್ಕ ಬಂಗುಡೆ ಆರಿಸುತ್ತ ನಿಂತಿದ್ದುದರಿಂದ ಹೇಳುವ ಅಗತ್ಯ ಇರಲಿಲ್ಲ.

ಹರಿಣಾಕ್ಷಿಯಕ್ಕನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕೊರೊನದ ಕಾಲದಲ್ಲಿ ಅವರು ವಾರ್ಡಿನ ರಾಣಿ. ಯಾರ ಮನೆಯಲ್ಲಿ ಯಾರು ಗಲ್ಫಿನಿಂದ ಬಂದಿಳಿದರು, ಯಾರನ್ನು ಕೋಣೆಯಲ್ಲಿ ಕೂರಿಸಬೇಕು, ಯಾರನ್ನು ಆಂಬುಲೆನ್ಸಿಗೆ ಹತ್ತಿಸಬೇಕು, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ಮರುವರ್ಷ ನಿವೃತ್ತಿಯಾಯಿತು. ಕೆಲವರು ಮದುವೆಯ ಸೀರೆ ಇಟ್ಟುಕೊಳ್ಳುವ ಹಾಗೆ ಅವರು ಆ ಕಾಲದ ಒಂದು ಬಿಳಿ ರಕ್ಷಾಕವಚವನ್ನು, ಕನ್ನಡಕ ಗ್ಲೌಸುಗಳ ಸಮೇತ, ಕಪಾಟಿನಲ್ಲಿ ಮಡಚಿ ಇಟ್ಟುಕೊಂಡಿದ್ದರು. ಆ ಕವಚವನ್ನು ಇನ್ನೊಮ್ಮೆ ತೊಡುವ ದಿನ ಬರಲಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು.

ಅಂಥವರ ಕಣ್ಣಿಗೆ ಬುಧವಾರ ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಕಂಡದ್ದು ಇದು. ವಿಷ್ಣುಪ್ರಸಾದ ಮುಖಕ್ಕೆ ಮಾಸ್ಕು ಕಟ್ಟಿದ್ದಾನೆ. (ಮೀನಿನ ವಾಸನೆ ತಡೆಯಲಾಗದೆ.) ಎರಡೂ ಕೈಗೆ ರಬ್ಬರಿನ ಗ್ಲೌಸು. (ಸುಲ್ತಾನನ ಉಗುರಿನ ಹೆದರಿಕೆಗೆ.) ಇಕ್ಕುಳದ ತುದಿಯಲ್ಲಿ ಒಂದು ಹಳೇ ಬಟ್ಟೆ ಹಿಡಿದು ಕೋಣೆಯಿಂದ ಹೊರಬರುತ್ತಾನೆ, ಇನ್ನೊಂದು ಬಟ್ಟೆ ಹಿಡಿದು ಒಳಗೆ ಹೋಗುತ್ತಾನೆ. ಬಾಗಿಲ ಬುಡದಲ್ಲಿ ತಟ್ಟೆ ಇಟ್ಟು, ಬಾಗಿಲಿಗೆ ಬಾಯಿಟ್ಟು ಮೃದುವಾಗಿ ಮಾತಾಡುತ್ತಾನೆ. ನಂತರ ಇಡೀ ಮನೆಯನ್ನು ಫಿನಾಯಿಲ್ ಹಾಕಿ ಒರೆಸುತ್ತಾನೆ.

ಇದೆಲ್ಲದರ ನಂತರ ಅವನು ಹಿತ್ತಿಲಿಗೆ ಬಂದು ಸಮದನಿಗೆ ಫೋನು ಮಾಡಿದ. ಹರಿಣಾಕ್ಷಿಯಕ್ಕ ಗೋಡೆಯ ಈಚೆ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ಗಿಡ ಮುಳುಗುವಷ್ಟು ನೀರು ಹಾಕಿದರು.

"ಮಂಚದ ಅಡಿಯಿಂದ ಹೊರಗೇ ಬರುವುದಿಲ್ಲ ಮಾರಾಯ. ಲೈಟು ಹಾಕಿದ್ರೆ ಕಿರುಚುವುದು. ನೀರು ಇಟ್ಟರೆ ಮುಟ್ಟುವುದೇ ಇಲ್ಲ, ಕಂಡ್ರೆ ಹಿಂದೆ ಹಿಂದೆ ಹೋಗುವುದು. ಹತ್ತಿರ ಹೋದ್ರೆ ಕಚ್ಚಲಿಕ್ಕೇ ಬರುವುದು. ಮೀನು ಮಾತ್ರ ತಿಂತಾನೆ, ಅದೂ ಹಸಿಯೇ. ನನಗೆ ಹೆದರಿಕೆ ಆಗ್ತಾ ಉಂಟು. ವಸುಮತಿ ಬರುವ ಮೊದಲು ಎಂತಾದರೂ ಆಗಬೇಕು. ಯಾರಿಗೂ ಹೇಳಬೇಡ, ಗೊತ್ತಾದ್ರೆ ನಮ್ಮನ್ನು ಮನೆಯಿಂದ ಓಡಿಸ್ತಾರೆ."

ಬೆಳಕಿಗೆ ಹೆದರಿಕೆ, ನೀರಿಗೆ ಹೆದರಿಕೆ, ಕಚ್ಚುವುದು, ಕಿರುಚುವುದು. ಮೂವತ್ತೊಂದು ವರ್ಷದ ಅನುಭವ ಹರಿಣಾಕ್ಷಿಯಕ್ಕನ ತಲೆಯೊಳಗೆ ಹುಚ್ಚುನಾಯಿ ರೋಗದ ಗಂಟೆ ಬಾರಿಸಿತು. ಕೈಯಿಂದ ಕೊಡ ಬಿತ್ತು. ಅರ್ಧ ನಿಮಿಷದಲ್ಲಿ ಅವರು ವಿಷ್ಣುಪ್ರಸಾದನ ಎದುರು ನಿಂತಿದ್ದರು.

"ಒಳಗೆ ಯಾರು?"

ವಿಷ್ಣುಪ್ರಸಾದನ ಕಣ್ಣ ಮುಂದೆ ಏಳನೆಯ ಕಲಮು ಬಂದು ನಿಂತಿತು. ಅದರ ಹಿಂದೆ ಹದಿನಾಲ್ಕು ಮುಚ್ಚಿದ ಗೇಟುಗಳು, ಅವುಗಳ ಹಿಂದೆ ಎರಡು ಬೆಕ್ಕಿನೊಂದಿಗೆ ಪೆರ್ಲದ ಬಸ್ಸು ಹತ್ತುತ್ತಿರುವ ವಸುಮತಿ.

"ಮಾವ" ಎಂದ.

"ಯಾವ ಮಾವ?"

"ಪೆರ್ಲದ ಮಾವ. ವಸುಮತಿಯ ಸೋದರಮಾವ. ತಿರುಮಲೇಶ್ವರ ಭಟ್ಟರು."

"ಹೋದ ವರ್ಷ ನಿಮ್ಮ ಗಣಹೋಮಕ್ಕೆ ಬಂದಿದ್ದ ಪುರೋಹಿತರಾ? ಈರುಳ್ಳಿ ಕೂಡ ತಿನ್ನದವರು?"

"ಅವರೇ."

"ಮತ್ತೆ ಮೀನು ಯಾರಿಗೆ?"

ವಿಷ್ಣುಪ್ರಸಾದ ಆಕಾಶ ನೋಡಿದ, ನೆಲ ನೋಡಿದ. ಎರಡರಿಂದಲೂ ಸಹಾಯ ಬರಲಿಲ್ಲ. "ಮಾವನಿಗೆ" ಎಂದ.

ಹರಿಣಾಕ್ಷಿಯಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡರು. ಮತ್ತೆ ಅವರ ದೃಷ್ಟಿ ವಿಷ್ಣುಪ್ರಸಾದನ ಬಲಗೈ ಮೇಲೆ ಬಿತ್ತು. "ಇದೆಂತ ಗೆರೆ?"

"ಪರಚಿದ್ದು."

"ಯಾರು?"

"ಮಾವ."

ಆ ಮೇಲಿನ ಅರ್ಧ ಗಂಟೆಯ ಬಗ್ಗೆ ವಿಷ್ಣುಪ್ರಸಾದ ಇವತ್ತಿಗೂ ಮಾತಾಡುವುದಿಲ್ಲ. ಹರಿಣಾಕ್ಷಿಯಕ್ಕ ಅವನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದು, ಸ್ವತಃ ನಿಂತು ಸೂಜಿ ಹಾಕಿಸಿದರು. ಹೊರಗೆ ಬರುವಾಗ, ಇನ್ನೂ ಮೂರು ಸಲ ಬರಬೇಕು ಎಂದರು. ಪರಚಿದ್ದು ಬೆಕ್ಕೇ ಆದ್ದರಿಂದ ಸೂಜಿಯ ವಿಷಯದಲ್ಲಿ ತಪ್ಪೇನೂ ಆಗಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಅಂದು ಆ ವಾರ್ಡಿನಲ್ಲಿ ಸರಿಯಾಗಿ ನಡೆದ ಕೆಲಸ ಅದೊಂದೇ.

ಗುರುವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ದೀಪಶ್ರೀ ಗೇಟಿನ ಹೊರಗೆ, ಆರು ಹೆಜ್ಜೆ ದೂರದಲ್ಲಿ, ರಿಜಿಸ್ಟರು ಹಿಡಿದು ನಿಂತಳು. "ರೋಗಿಯ ಪ್ರಾಯ?" ಎಂದು ಕೂಗಿ ಕೇಳಿದಳು. "ಅರವತ್ತೆಂಟು" ಎಂದು ವಿಷ್ಣುಪ್ರಸಾದ ಬಾಗಿಲ ಸಂದಿಯಿಂದ ಕೂಗಿದ. "ಜ್ವರ ಉಂಟಾ?" "ನೋಡಲಿಕ್ಕೆ ಬಿಡುವುದಿಲ್ಲ." "ನಿದ್ದೆ ಮಾಡ್ತಾರಾ?" "ಹಗಲಿಡೀ." ದೀಪಶ್ರೀ ಎಲ್ಲವನ್ನೂ ಬರೆದುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಸುಲ್ತಾನ್ ಒಂದು ದೀರ್ಘ ರಾಗ ಎಳೆದ. ಅದಕ್ಕೆ ಮುದ್ದಮ್ಮ ಬಾಗಿಲಿನ ಈಚೆಯಿಂದ ಅಷ್ಟೇ ದೀರ್ಘ ಉತ್ತರ ಕೊಟ್ಟಳು. ಬೆಲ್ಲನೂ ಸೇರಿಕೊಂಡ. ದೀಪಶ್ರೀಯ ಪೆನ್ನು ಚರಂಡಿಗೆ ಬಿತ್ತು. ಅದನ್ನು ಅವಳು ಹೆಕ್ಕಲಿಲ್ಲ.

ಮಧ್ಯಾಹ್ನದೊಳಗೆ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹರಡಿತು. ಶಾಲೆಗೆ ಹೋಗುವ ಮಕ್ಕಳು ಆ ರಸ್ತೆ ಬಿಟ್ಟು ಸುತ್ತು ಬಳಸಿ ನಡೆದರು. ಹಾಲಿನವನು ಪ್ಯಾಕೆಟ್ಟನ್ನು ರಸ್ತೆಯಿಂದಲೇ ಎಸೆದ, ಅದು ಒಡೆಯಿತು. ಸಂಜೆ ಹೊತ್ತಿಗೆ ಪೆರ್ಲದ ಭಟ್ಟರು ಹೆಂಚು ತೆಗೆದು ಹೊರಗೆ ಬಂದದ್ದನ್ನು ಕಂಡವರು ಇಬ್ಬರು ಸಿಕ್ಕಿದರು. ಅದು ತಾರಸಿ ಮನೆ, ಹೆಂಚು ಇಲ್ಲವೇ ಇಲ್ಲ. ದೀಪಶ್ರೀಯ ಅತ್ತಿಗೆಯನ್ನು ಪೆರ್ಲಕ್ಕೆ ಕೊಟ್ಟಿದ್ದರಿಂದ ಸುದ್ದಿ ರಾತ್ರಿಯ ಊಟದ ಹೊತ್ತಿಗೆ ಪೆರ್ಲವನ್ನೂ ತಲುಪಿತು.

ವಿಷ್ಣುಪ್ರಸಾದನ ಸ್ಥಿತಿ ನೋಡಿದರೆ ಯಾರಿಗಾದರೂ ಅಯ್ಯೋ ಎನಿಸಬೇಕು. ಮುಚ್ಚಿದ ಬಾಗಿಲಿನ ಒಳಗೊಬ್ಬ, ಹೊರಗಿಬ್ಬರು, ಗೇಟಿನ ಆಚೆ ಇಡೀ ವಾರ್ಡು. ನಡುವೆ ಅವನು ಇಕ್ಕುಳ ಹಿಡಿದು ನೆಲದ ಮೇಲೆ ಕುಳಿತಿದ್ದ. ಕುರ್ಚಿ ಖಾಲಿಯಿದ್ದರೂ ಕುಳಿತುಕೊಳ್ಳಲು ಅವನಿಗೆ ಧೈರ್ಯವಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಆಂಬುಲೆನ್ಸು ಬಂದು ನಿಂತಿತು. ಅದರ ಹಿಂದೆ ವಾರ್ಡ್ ಮೆಂಬರು, ದೀಪಶ್ರೀ, ಕುಂಞ, ಮತ್ತೆ ನಲವತ್ತು ಜನ. ಎಲ್ಲರೂ ರಸ್ತೆಯ ಆಚೆ ಬದಿಯಲ್ಲಿ. ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟ ಹರಿಣಾಕ್ಷಿಯಕ್ಕ ಸರಬರ ಸದ್ದು ಮಾಡುತ್ತ ಮೆಟ್ಟಿಲು ಇಳಿದರು. ಜನ ಇನ್ನೂ ಹಿಂದೆ ಸರಿದರು. ಅವರು ಕೈ ಎತ್ತಿ, "ಯಾರೂ ಒಳಗೆ ಬರಬೇಡಿ. ನಾನು ಒಬ್ಬಳೇ ಹೋಗಿ ನೋಡ್ತೇನೆ" ಎಂದರು. ಬರುತ್ತೇನೆಂದು ಯಾರೂ ಹೇಳಿರಲಿಲ್ಲ.

ಒಳಗೆ ವಿಷ್ಣುಪ್ರಸಾದ ಬಾಗಿಲಿಗೆ ಅಡ್ಡ ನಿಂತ. "ಹರಿಣಾಕ್ಷಿಯಕ್ಕ, ಮಾವ ಮಲಗಿದ್ದಾರೆ. ನಾಳೆ ಬನ್ನಿ. ಇಲ್ಲದಿದ್ರೆ ಮುಂದಿನ ವಾರ."

"ಬದಿಗೆ ಹೋಗಿ. ನಿಮ್ಮ ಒಳ್ಳೆಯದಕ್ಕೇ ಹೇಳುವುದು."

ಅವರು ಚಿಲಕ ತೆಗೆದರು. ಟಾರ್ಚು ಹಾಕಿದರು. ಕವಚದೊಳಗೆ ಅವರ ಉಸಿರೂ ಜೋರಾಗಿತ್ತು, ಯಾಕೆಂದರೆ ಮೂವತ್ತೊಂದು ವರ್ಷದಲ್ಲಿ ಅವರು ಸಹ ಆ ರೋಗವನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದು. "ಮಾವನವರೇ, ಹೆದರಬೇಡಿ. ನಾನು ನರ್ಸು. ಮೆಲ್ಲ ಹೊರಗೆ ಬನ್ನಿ" ಎಂದು ಬಗ್ಗಿ ಮಂಚದ ಕೆಳಗೆ ಬೆಳಕು ಬಿಟ್ಟರು.

ಸುಲ್ತಾನ್ ಶಿರಿಯದಲ್ಲಿ ಹುಟ್ಟಿ ಬೆಳೆದವನು. ಕಡಲು ನೋಡಿದ್ದ, ದೋಣಿ ನೋಡಿದ್ದ, ನಾಯಿಗಳನ್ನು ಓಡಿಸಿದ್ದ. ಆದರೆ ಪ್ಲಾಸ್ಟಿಕ್ಕಿನ ಸದ್ದು ಮಾಡುವ, ಮುಖವಿಲ್ಲದ, ಬಿಳಿಯ ಒಂದು ಜೀವ ತನ್ನನ್ನು ಮಾವನವರೇ ಎಂದು ಕರೆಯುವುದನ್ನು ಅವನು ಕೇಳಿರಲಿಲ್ಲ. ಮಂಚದ ಕೆಳಗಿನಿಂದ ಹಾರಿ, ಹರಿಣಾಕ್ಷಿಯಕ್ಕನ ಕಾಲುಗಳ ನಡುವಿನಿಂದ ನುಸುಳಿ, ಚಾವಡಿಗೆ ಬಂದ. ಚಾವಡಿಯಲ್ಲಿ ನಾಲ್ಕು ದಿನದಿಂದ ಯುದ್ಧಕ್ಕೆ ಸಿದ್ಧರಾಗಿದ್ದ ಮುದ್ದಮ್ಮ ಮತ್ತು ಬೆಲ್ಲ ಅವನನ್ನು ನೋಡಿ ಬೆನ್ನು ಕಮಾನು ಮಾಡಿದರು. ಅಷ್ಟರಲ್ಲಿ ಅವನ ಹಿಂದಿನಿಂದ ಬಿಳಿಯ ಜೀವವೂ ಬಂತು.

ಮೂರು ಬೆಕ್ಕುಗಳೂ ಒಟ್ಟಿಗೆ ಕಪಾಟಿನ ಮೇಲೆ ಹಾರಿದವು. ಹಾರಿ, ಗೋಡೆಗೆ ಒತ್ತಿಕೊಂಡು, ಒಂದರ ಮೈಗೆ ಒಂದು ಅಂಟಿ ಸಾಲಾಗಿ ಕುಳಿತವು. ನಡುವೆ ಸುಲ್ತಾನ್. ಮುದ್ದಮ್ಮನ ತಲೆ ಅವನ ಕುತ್ತಿಗೆಯ ಕೆಳಗೆ, ಬೆಲ್ಲನ ಬಾಲ ಅವನ ಬೆನ್ನ ಮೇಲೆ. ಲೇಖನದವರು ಹತ್ತು ದಿನ ಎಂದು ಬರೆದಿದ್ದ ಕೆಲಸ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಜಾಗವಿದ್ದಿದ್ದರೆ ವಿಷ್ಣುಪ್ರಸಾದನೂ ಅಲ್ಲಿಗೆ ಹತ್ತುತ್ತಿದ್ದ.

ಹರಿಣಾಕ್ಷಿಯಕ್ಕ ಕನ್ನಡಕ ತೆಗೆದರು. "ಒಂದು. ಎರಡು. ಮೂರು" ಎಂದು ಬೆರಳು ತೋರಿಸಿ ಎಣಿಸಿದರು. ಮತ್ತೆ ಕೋಣೆಯೊಳಗೆ ಹೋಗಿ ನೋಡಿದರು. ಮಂಚದ ಕೆಳಗೆ ಮೀನಿನ ಮುಳ್ಳುಗಳಿದ್ದವು. ಹೊರಗೆ ಬಂದು ಕೇಳಿದರು, "ಮಾವ ಎಲ್ಲಿ?"

ವಿಷ್ಣುಪ್ರಸಾದ ನೆಲದಲ್ಲಿ ಕುಸಿದು ಕುಳಿತು ಕಪಾಟಿನ ಕಡೆ ಕೈ ತೋರಿಸಿದ. "ನಡುವಿನವರು" ಎಂದ.

ಆ ಕ್ಷಣದಲ್ಲಿ ಹರಿಣಾಕ್ಷಿಯಕ್ಕನ ಮುಖದಲ್ಲಿ ಮೊದಲು ಕಂಡದ್ದು ಏಳನೆಯ ಕಲಮು. ಅವರು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ದೊಡ್ಡ ಬೊಬ್ಬೆ ಎದ್ದಿತು.

"ರೋಗಿ! ರೋಗಿ ಹೊರಗೆ ಬಂದಿದ್ದಾರೆ! ರಸ್ತೆಯಲ್ಲಿ ಬರ್ತಾ ಇದ್ದಾರೆ!"

ನಿಜವಾಗಿಯೂ ಬರುತ್ತಿದ್ದರು. ಪೆರ್ಲದ ತಿರುಮಲೇಶ್ವರ ಭಟ್ಟರು ಬಸ್ಸಿನಿಂದ ಇಳಿದು, ಬಗಲಿಗೆ ಚೀಲ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದು ಬರುತ್ತಿದ್ದರು. ಆಂಬುಲೆನ್ಸಿನ ಡ್ರೈವರ್ ಗಾಜು ಏರಿಸಿದ. ವಾರ್ಡ್ ಮೆಂಬರು ಹರಿಣಾಕ್ಷಿಯಕ್ಕನ ಗೋಡೆ ಹತ್ತಿದರು. ನಲವತ್ತು ಜನ ಎಲ್ಲಿ ಹೋದರೋ, ರಸ್ತೆಯಲ್ಲಿ ಹದಿನೇಳು ಚಪ್ಪಲಿ ಉಳಿದವು.

ಭಟ್ಟರು ಖಾಲಿ ರಸ್ತೆಯಲ್ಲಿ ನಿಂತು ಗೋಡೆಯ ಮೇಲಿದ್ದ ಮೆಂಬರಿಗೆ ಹೇಳಿದರು: "ನನಗೆ ಎಂತದೋ ದೊಡ್ಡ ರೋಗ ಅಂತ ಕೇಳಿದೆ. ಇಲ್ಲಿ ಮಲಗಿದ್ದೇನಂತೆ. ಹೇಗಿದ್ದೇನೆ ಅಂತ ನೋಡಿ ಹೋಗುವ ಅಂತ ಬಂದೆ. ಮೊದಲು ಒಂದು ಚೊಂಬು ನೀರು ಕೊಡಿ ಮಾರಾಯ್ರೆ, ಗಂಟಲು ಒಣಗಿ ಹೋಗಿದೆ."

ದೀಪಶ್ರೀ ಕಂಬದ ಮರೆಯಿಂದ ಕೈ ಚಾಚಿ ತನ್ನ ನೀರಿನ ಬಾಟಲಿ ಉರುಳಿಸಿದಳು. ಭಟ್ಟರು ಅದನ್ನು ಹೆಕ್ಕಿ, ಬಾಯಿಗೆ ತಾಗಿಸದೆ ಎತ್ತಿ, ಗಟಗಟನೆ ಕೊನೆಯ ಹನಿಯವರೆಗೂ ಕುಡಿದರು. ಮರೆಗಳಿಂದ ಒಂದೊಂದೇ ತಲೆ ಹೊರಬಂತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ವಿಷ್ಣುಪ್ರಸಾದ ಜಗಲಿಗೆ ಬಂದು ನಿಂತಿದ್ದ. ಅವನನ್ನು ನೋಡಿದ್ದೇ ಭಟ್ಟರ ಧ್ವನಿ ಬದಲಾಯಿತು.

"ಹುಚ್ಚು ಅಂದದ್ದಕ್ಕೆ ನನಗೆ ಬೇಸರ ಇಲ್ಲ ವಿಷ್ಣು. ಕಚ್ಚುತ್ತೇನೆ ಅಂದರಂತೆ, ಅದಕ್ಕೂ ಇಲ್ಲ. ಆದರೆ ನಾನು ಮೀನು ತಿಂತೇನೆ ಅಂತ ಹೇಳಿದ್ದು ಯಾರು? ಬೆಳಗ್ಗಿನಿಂದ ಎರಡು ಪೂಜೆಯವರು ಫೋನು ಮಾಡಿ, ಬೇರೆ ಜನ ಸಿಕ್ಕಿದ್ದಾರೆ, ನೀವು ಆರಾಮ ಮಾಡಿ ಅಂದರು. ಅರವತ್ತೆಂಟು ವರ್ಷ ಆಯಿತು ನನಗೆ. ಇನ್ನು ಈ ಪ್ರಾಯದಲ್ಲಿ ಯಾರ ಮನೆಯ ಮೆಟ್ಟಿಲು ಹತ್ತುವುದು?" ಅವರ ಕಣ್ಣು ಒದ್ದೆಯಾಗಿತ್ತು. "ಆ ಮೀನು ತಿಂದದ್ದು ಯಾರು ಅಂತ ನನಗೆ ಈಗಲೇ ಗೊತ್ತಾಗಬೇಕು."

ನಲವತ್ತು ಜನ ಜಗಲಿಯ ಕಡೆ ತಿರುಗಿದರು. ವಿಷ್ಣುಪ್ರಸಾದ ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಬಿಳಿ ಕವಚದ ಹರಿಣಾಕ್ಷಿಯಕ್ಕ ನಿಂತಿದ್ದರು. ಬೆಕ್ಕು ಎಂದರೆ ಮನೆ ಹೋಯಿತು. ಸುಮ್ಮನಿದ್ದರೆ ಮಾವನ ಮರ್ಯಾದೆ ಹೋಯಿತು.

"ಮೀನು ತಿಂದದ್ದು ನಾನು ಮಾವ" ಎಂದ.

ಅವನು ಜೀವನದಲ್ಲಿ ಆಡಿದ ಮೊದಲ ಧೈರ್ಯದ ಮಾತು ಅದು. ಅದು ಸುಳ್ಳಾಗಿದ್ದುದು ಅವನ ದುರದೃಷ್ಟ.

"ಹಾಗಾದ್ರೆ ಬಾಗಿಲು ಹಾಕಿದ ಕೋಣೆ?" ಎಂದು ದೀಪಶ್ರೀ ಕೇಳಿದಳು.

"ಕದ್ದು ತಿನ್ನಲಿಕ್ಕೆ."

"ಮಾಸ್ಕು?"

"ವಾಸನೆ ಅಭ್ಯಾಸ ಆಗಿಲ್ಲ."

"ಆ ಕಿರುಚಾಟ?"

"ಮುಳ್ಳು ಸಿಕ್ಕಿಕೊಂಡದ್ದು."

ಕುಂಞ ಮುಂದೆ ಬಂದು ಸಾಕ್ಷಿ ಹೇಳಿದ. "ಮೊನ್ನೆ ಇವರು ಮೀನಿನ ಬಾಲ ಹಿಡಿದದ್ದು ನೋಡುವಾಗಲೇ ನನಗೆ ಗೊತ್ತಾಯ್ತು, ಹೊಸಬರು ಅಂತ." ಜನರೆಲ್ಲ ತಲೆ ಆಡಿಸಿದರು. ಹೆಂಡತಿ ಊರಲ್ಲಿಲ್ಲ, ಕೋಣೆ, ಕಳ್ಳತನ, ಮೀನು. ಎಲ್ಲವೂ ಸರಿಹೊಂದಿತು. ಕೆಲವರಿಗೆ ಅವನ ಮೇಲೆ ಸಹಾನುಭೂತಿಯೂ ಹುಟ್ಟಿತು.

ಆಗ ಹರಿಣಾಕ್ಷಿಯಕ್ಕ ಜಗಲಿಯ ಅಂಚಿಗೆ ಬಂದು ಘೋಷಿಸಿದರು. "ನಾನು ಪೂರ್ತಿ ಪರೀಕ್ಷೆ ಮಾಡಿದ್ದೇನೆ. ರೋಗ ಎಂತದೂ ಇಲ್ಲ. ಬರೀ ಹೆದರಿಕೆ. ಈ ಮನೆಯೊಳಗೆ ಇರುವ ಎಲ್ಲರಿಗೂ ಹೆದರಿಕೆ, ಅಷ್ಟೆ. ಆಂಬುಲೆನ್ಸು ತಿರುಗಿಸಿ, ಚಪ್ಪಲಿ ಹುಡುಕಿಕೊಂಡು ಹೋಗಿ." ಇಲಾಖೆಯ ಮರ್ಯಾದೆಯೂ ಉಳಿಯಿತು.

ಮಾವ ಗೇಟಿನಿಂದ ಒಳಗೆ ಬರಲಿಲ್ಲ. "ತಿಂದದ್ದು ತಿಂದೆ. ನನ್ನ ಹೆಸರು ಯಾಕೆ ಹೇಳಿದೆ?" ಎಂದು ಮೆಲ್ಲನೆ ಕೇಳಿದರು. "ಬೇರೆ ಯಾವ ಹೆಸರೂ ನೆನಪಾಗಲಿಲ್ಲ ಮಾವ" ಎಂದ ವಿಷ್ಣುಪ್ರಸಾದ. ಅದು ಮಾತ್ರ ಸತ್ಯ. ಮಾವ ಕಾಫಿ ಕುಡಿಯದೆ, ಮುಂದಿನ ಬಸ್ಸಿಗೆ ಪೆರ್ಲಕ್ಕೆ ಹೊರಟರು. ನಡೆಯುತ್ತಲೇ ಪೂಜೆಯವರಿಗೆ ಫೋನು ಮಾಡುತ್ತಿದ್ದರು.

ರಸ್ತೆ ಖಾಲಿಯಾದ ಮೇಲೆ ಹರಿಣಾಕ್ಷಿಯಕ್ಕ ಕವಚ ಬಿಚ್ಚಿ ಜಾಗ್ರತೆಯಿಂದ ಮಡಚಿದರು.

"ಬೆಕ್ಕನ್ನು ನೋಡಿ ಮನುಷ್ಯ ಅಂತ ಹೇಳಿದೆ ಎಂದು ಇಲಾಖೆಯಲ್ಲಿ ಒಬ್ಬರಿಗೆ ಗೊತ್ತಾದ್ರೂ ನಾನು ವಿದ್ಯಾನಗರದಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಇದು ನಮ್ಮಿಬ್ಬರಲ್ಲೇ ಇರಬೇಕು. ವಸುಮತಿಗೂ ಹೇಳಬಾರದು. ಟೀಚರಿಗೆ ಹೇಳಿದ್ರೆ ಶಾಲೆಗೆ ಹೇಳಿದ ಹಾಗೆ."

"ಮತ್ತೆ ಅದು?" ವಿಷ್ಣುಪ್ರಸಾದ ಕಪಾಟಿನ ಮೇಲೆ ನೋಡಿದ.

"ಅದು ನನ್ನ ಬೆಕ್ಕು. ಊಟಕ್ಕೆ ಮಾತ್ರ ನಿಮ್ಮಲ್ಲಿಗೆ ಬರ್ತದೆ. ನಿಮ್ಮದು ಎರಡೇ. ಏಳನೇ ಕಲಂ ಸರಿ ಉಂಟು." ಅವರು ಮೆಟ್ಟಿಲು ಇಳಿಯುತ್ತ ನಿಂತು ಹೇಳಿದರು. "ಮೀನು ತಿನ್ನುವ ಬಾಡಿಗೆಯವರ ಬಗ್ಗೆ ಅಗ್ರಿಮೆಂಟಿನಲ್ಲಿ ಎಂತದೂ ಇಲ್ಲ. ನೀವು ಆರಾಮ ತಿನ್ನಿ."

ಮನೆ ಉಳಿಯಿತು. ವಿಷ್ಣುಪ್ರಸಾದ ಎಷ್ಟೋ ದಿನಗಳ ನಂತರ ಬೆತ್ತದ ಕುರ್ಚಿಯ ಮೇಲೆ ಕುಳಿತ. ಮೂರು ಬೆಕ್ಕುಗಳೂ ಕಪಾಟಿನಿಂದ ಇಳಿದು, ಬಾಗಿಲ ಬುಡದಲ್ಲಿದ್ದ ಒಂದೇ ತಟ್ಟೆಗೆ ಬಾಯಿ ಹಾಕಿದವು. ಅದರಲ್ಲಿ ಬೂತಾಯಿ ಇತ್ತು. ಮುದ್ದಮ್ಮ ಒಂದು ತುಂಡು ತಿಂದು ತಲೆ ಎತ್ತಿ, ಹನ್ನೊಂದು ವರ್ಷ ಇದನ್ನು ತನ್ನಿಂದ ಮುಚ್ಚಿಟ್ಟವನನ್ನು ನೋಡಿದಳು. ಅವನು ಕುರ್ಚಿಯಿಂದ ಎದ್ದ.

ಆಗ ಫೋನು ಬಂತು. ತಿರುವನಂತಪುರದಿಂದ ವಸುಮತಿ. ಮಾವ ಬಸ್ಸಿನಲ್ಲಿ ಕುಳಿತ ಕೂಡಲೇ ಅವಳಿಗೆ ಫೋನು ಮಾಡಿದ್ದರು. ಅವಳು ಬೈಯಲಿಲ್ಲ, ಅಳಲಿಲ್ಲ. ಅವಳ ಧ್ವನಿ ಎಷ್ಟು ಶಾಂತವಾಗಿತ್ತೆಂದರೆ ವಿಷ್ಣುಪ್ರಸಾದ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ.

"ನಾನು ಸಿಟ್ಟು ಮಾಡುವುದಿಲ್ಲ. ಒಂದೇ ಒಂದು ಪ್ರಶ್ನೆ. ಎಷ್ಟು ಸಮಯದಿಂದ?"

ಗೋಡೆಯ ಆಚೆ ಹರಿಣಾಕ್ಷಿಯಕ್ಕ ಬಟ್ಟೆ ತೆಗೆಯುವುದನ್ನು ನಿಲ್ಲಿಸಿ ಕಿವಿ ಕೊಟ್ಟು ನಿಂತಿದ್ದರು. ಕೆಳಗೆ ಮೂರು ಬೆಕ್ಕುಗಳೂ ತಿನ್ನುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದವು.

"ಮಂಗಳವಾರದಿಂದ" ಎಂದ ವಿಷ್ಣುಪ್ರಸಾದ.